ಆರೈಕೆಯ ಹೊಣೆ

2020ನೆಯ ಇಸವಿ ಮಾರ್ಚ್ 26, ಗುರುವಾರ. ರಾತ್ರಿ ಎಂಟು ಗಂಟೆಗೆ ಇಂಗ್ಲೆಂಡಿನ ಊರೂರುಗಳಲ್ಲಿ ಜನರು ತಂತಮ್ಮ ಮನೆಯ ಬಾಗಿಲಿಗೆ ಬಂದು ನಿಂತು ಚಪ್ಪಾಳೆ ತಟ್ಟಿದರು. ಕೆಲವರು ಪಾತ್ರೆಗಳನ್ನು ಬಡಿದರು. ಕೊರೋನಾ ಮಹಾಮಾರಿಯು ಆ ದೇಶದಲ್ಲಿ ಕಾಣಿಸಿಕೊಂಡು ಎರಡು ತಿಂಗಳಾಗುತ್ತ ಬಂದಿತ್ತು. ಅಗತ್ಯವಿಲ್ಲದೆ ಯಾರೂ ಮನೆ ಬಿಟ್ಟು ಹೊರಡಕೂಡದೆಂಬ ಕಟ್ಟಪ್ಪಣೆ ಹೊರಟು ಮೂರು ದಿನಗಳಾಗಿದ್ದವು. ಪ್ರಾಣದ ಹಂಗನ್ನು ತೊರೆದು ರೋಗಿಗಳ ಸೇವೆ ಮಾಡುತ್ತಿದ್ದ ವೈದ್ಯರಿಗೂ ದಾದಿಯರಿಗೂ ಕೃತಜ್ಞತೆ ಸಲ್ಲಿಸುವುದು ಆ ಚಪ್ಪಾಳೆಯ ಉದ್ದೇಶವಾಗಿತ್ತು. ಭಾರತದಲ್ಲಿಯೂ ಅದಕ್ಕೆ ನಾಲ್ಕು ದಿನ ಮುಂಚೆ ಜನರು ಗಂಟೆ ಜಾಗಟೆಗಳನ್ನು ಬಾರಿಸಿದ್ದುದು ಹಲವರಿಗೆ ನೆನಪಿರಬಹುದು. ಇಂಗ್ಲೆಂಡಿನಲ್ಲಿ ಈ ಚಪ್ಪಾಳೆ ಹತ್ತು ವಾರಗಳ ಕಾಲ, ಪ್ರತಿ ಗುರುವಾರವೂ ನಡೆಯಿತು.

ಚಪ್ಪಾಳೆಯ ಸದ್ದು ಕೇಳಿಬರುತ್ತಿದ್ದ ಬೀದಿಗಳಲ್ಲಿಯೇ ಇನ್ನೊಂದು ಬಗೆಯ ಸೇವೆಯೂ ನಡೆಯುತ್ತಿತ್ತು. ಅದು ಆಸ್ಪತ್ರೆಯ ಸೇವೆಯಲ್ಲ. ಮುಪ್ಪಿನಿಂದಲೋ ಅಂಗವೈಕಲ್ಯದಿಂದಲೋ ಮರೆವಿನ ರೋಗದಿಂದಲೋ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಲಾರದವರಿಗೆ ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ತುತ್ತು ತಿನ್ನಿಸುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ರಾತ್ರಿ ಹೆದರಿ ಎದ್ದು ಕುಳಿತವರ ಕೈ ಹಿಡಿದು ಮಲಗಿಸುವುದು. ಕನ್ನಡ ನಾಡಿನಲ್ಲಿ ಇದನ್ನೆಲ್ಲ ಬಹುಮಟ್ಟಿಗೆ ಸೊಸೆಯೋ ಮಗಳೋ ಮನೆಯೊಳಗೇ ಮಾಡುತ್ತಾಳೆ. ಮಾಡಿದ್ದಕ್ಕೆ ಲೆಕ್ಕ ಇಡುವವರಿಲ್ಲ. ಇಂಗ್ಲೆಂಡಿನಲ್ಲಿಯೂ ಬಂಧುಗಳು ಮಾಡುವ ಆರೈಕೆಯೇ ಹೆಚ್ಚು. ಆದರೂ ಅಲ್ಲಿ ಸುಮಾರು ನಾಲ್ಕು ಲಕ್ಷ ಜನರು ಆರೈಕೆ ನಿಲಯಗಳಲ್ಲಿ ವಾಸವಾಗಿದ್ದರು. ಇನ್ನೂ ಲಕ್ಷಾಂತರ ಜನರು ತಮ್ಮ ಮನೆಗಳಲ್ಲಿಯೇ ಇದ್ದು, ದಿನಕ್ಕೆ ಒಂದೆರಡು ಬಾರಿ ಬಂದುಹೋಗುವ ಪರಿಚಾರಕರನ್ನು ನೆಚ್ಚಿಕೊಂಡಿದ್ದರು. ಈ ಜನರ ಹೊಣೆಯನ್ನು ಕಾನೂನು ಹೊರಿಸಿರುವುದು ಲಂಡನ್ನಿನ ಮಂತ್ರಿಗಳ ಮೇಲಲ್ಲ, ಆಯಾ ಪ್ರದೇಶದ ಕೌನ್ಸಿಲುಗಳ ಮೇಲೆ. ಕೌನ್ಸಿಲ್ ಎಂದರೆ ಜನರಿಂದ ಚುನಾಯಿತವಾದ ಸ್ಥಳೀಯ ಆಡಳಿತ ಸಂಸ್ಥೆ. ಜಿಲ್ಲಾ ಪಂಚಾಯಿತಿಯನ್ನೂ ನಗರಸಭೆಯನ್ನೂ ಬಲ್ಲವರಿಗೆ ಅದರ ಸ್ವರೂಪ ಸ್ಥೂಲವಾಗಿ ಮನಸ್ಸಿಗೆ ಬರುತ್ತದೆ. ಆರೈಕೆಯ ಹೊಣೆ ಹೊತ್ತ ಇಂಥ ಸಂಸ್ಥೆಗಳು ಇಂಗ್ಲೆಂಡಿನಲ್ಲಿ ಆಗ ನೂರೈವತ್ತರಷ್ಟಿದ್ದವು.

ಮಹಾಮಾರಿಯ ಕಾಲದಲ್ಲಿ ಈ ಕೌನ್ಸಿಲುಗಳು ಆರೈಕೆ ನಡೆಸುವ ಸಂಸ್ಥೆಗಳಿಗೆ ಬೆಂಬಲವಾಗಿ ನಿಂತ ರೀತಿಯನ್ನು ಹೊಗಳಿದವರೂ ಇದ್ದಾರೆ, ತೆಗಳಿದವರೂ ಇದ್ದಾರೆ. ಕೊಟ್ಟ ಹಣದ ಮೊತ್ತವನ್ನು ನೋಡಿಯೇ ಹಲವರು ತೀರ್ಪು ಹೇಳಿಬಿಟ್ಟರು. ಆ ಹಣ ಎಲ್ಲಿಯವರೆಗೆ ಇಳಿಯಿತು, ಕಟ್ಟಕಡೆಗೆ ಯಾರ ಕೈ ಸೇರಿತು ಎಂಬುದನ್ನು ಕೇಳದೆ ಈ ವಿಷಯದಲ್ಲಿ ತೀರ್ಪು ಹೇಳುವುದು ಉಚಿತವಲ್ಲ.

ಈ ವ್ಯವಸ್ಥೆ ಬೆಳೆದುಬಂದ ಬಗೆಯನ್ನು ತಿಳಿಯದಿದ್ದರೆ 2020ರಲ್ಲಿ ನಡೆದುದು ಅರ್ಥವಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ದಿಕ್ಕಿಲ್ಲದ ಮುದುಕರಿಗೆ ಇದ್ದ ಆಸರೆ ‘ವರ್ಕ್‌ಹೌಸ್’ ಎಂಬ ದುಡಿಮೆ ಮನೆ. ಅಲ್ಲಿಗೆ ಹೋಗುವುದೆಂದರೆ ಮಾನ ಕಳೆದುಕೊಂಡಂತೆಯೇ ಎಂದು ಬಡವರು ಅಂಜುತ್ತಿದ್ದರು. 1948ರ ಜುಲೈ 5ರಂದು ಆ ದೇಶದಲ್ಲಿ ಎರಡು ಹೊಸ ಏರ್ಪಾಡುಗಳು ಒಂದೇ ದಿನ ಜಾರಿಗೆ ಬಂದವು. ಒಂದು, ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ರಾಷ್ಟ್ರೀಯ ಆರೋಗ್ಯ ಸೇವೆ. ಇನ್ನೊಂದು, ಬಡವರ ಹಳೆಯ ಕಾಯಿದೆಯನ್ನು ತೆಗೆದುಹಾಕಿ, ವೃದ್ಧರಿಗೂ ಅಶಕ್ತರಿಗೂ ವಸತಿ ಒದಗಿಸುವ ಕರ್ತವ್ಯವನ್ನು ಕೌನ್ಸಿಲುಗಳಿಗೆ ವಹಿಸಿದ ರಾಷ್ಟ್ರೀಯ ಸಹಾಯ ಕಾಯಿದೆ. ಮೊದಲನೆಯದು ಉಚಿತ, ಎರಡನೆಯದಕ್ಕೆ ಮಾತ್ರ ಫಲಾನುಭವಿಯ ಆಸ್ತಿಪಾಸ್ತಿಯನ್ನು ನೋಡಿ ಶುಲ್ಕ. ಅಂದು ಎಳೆದ ಆ ಗೆರೆ ಇಂದಿಗೂ ಅಳಿಸಿಲ್ಲ. ಮುರಿದ ಸೊಂಟಕ್ಕೆ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ಸೊಂಟ ಮುರಿದುಕೊಂಡವಳನ್ನು ಆಮೇಲೆ ಎತ್ತಿ ಕೂರಿಸಲು ಬರುವವಳಿಗೆ ಹಣ ತೆರಬೇಕಾಗುತ್ತದೆ. ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ 173 ನಿಲಯಗಳನ್ನು ಸುತ್ತಿ ನೋಡಿ 1962ರಲ್ಲಿ ಪ್ರಕಟಿಸಿದ ಗ್ರಂಥದಿಂದ ತಿಳಿದುಬಂದ ಸಂಗತಿಯೆಂದರೆ, ಕಾಯಿದೆ ಬದಲಾಗಿ ಹತ್ತು ವರ್ಷಗಳು ಕಳೆದ ಮೇಲೂ ಬಹಳ ಮಂದಿ ವೃದ್ಧರು ಹಳೆಯ ದುಡಿಮೆ ಮನೆಗಳ ಕಟ್ಟಡಗಳಲ್ಲಿಯೇ ದಿನ ನೂಕುತ್ತಿದ್ದರು. ಫಲಕ ಹೊಸದು, ಗೋಡೆ ಹಳೆಯದು.

1990ರಲ್ಲಿ ಬಂದ ಇನ್ನೊಂದು ಕಾಯಿದೆಯ ಪರಿಣಾಮವಾಗಿ ಕೌನ್ಸಿಲುಗಳು ತಾವೇ ನಿಲಯಗಳನ್ನು ನಡೆಸುವುದನ್ನು ಕ್ರಮಕ್ರಮವಾಗಿ ಬಿಟ್ಟು, ಖಾಸಗಿಯವರಿಂದ ಆರೈಕೆಯನ್ನು ಕೊಂಡುಕೊಳ್ಳತೊಡಗಿದವು. ಟೆಂಡರು ಕರೆದು, ದರ ಗೊತ್ತುಮಾಡಿ, ವಾರಕ್ಕಿಷ್ಟು ಎಂದು ಹಣ ಕೊಡುವುದೇ ಅವುಗಳ ಮುಖ್ಯ ಕೆಲಸವಾಯಿತು. 2010ರಿಂದ ಮುಂದೆ ಕೇಂದ್ರ ಸರ್ಕಾರವು ಕೌನ್ಸಿಲುಗಳ ಅನುದಾನಕ್ಕೆ ಕತ್ತರಿ ಹಾಕಿತು. 2010-11ರಿಂದ 2017-18ರವರೆಗಿನ ಅವಧಿಯಲ್ಲಿ ಆ ಅನುದಾನದ ನಿಜಮೌಲ್ಯ ನೂರಕ್ಕೆ 49ರಷ್ಟು ಇಳಿಯಿತೆಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಲೆಕ್ಕ ಕೊಟ್ಟಿದೆ. ಕೈ ಬಿಗಿಯಾದಾಗ ಕೊಳ್ಳುವವನು ಬೆಲೆ ಇಳಿಸಲು ನೋಡುವುದು ಸಹಜ. ಒಂದೇ ನಿಲಯದಲ್ಲಿ, ಒಂದೇ ಬಗೆಯ ಕೋಣೆಯಲ್ಲಿದ್ದರೂ, ಸ್ವಂತ ಹಣ ತೆರುವವರಿಂದ ಕೌನ್ಸಿಲಿನ ದರಕ್ಕಿಂತ ಸರಾಸರಿ ನೂರಕ್ಕೆ 41ರಷ್ಟು ಹೆಚ್ಚು ವಸೂಲಾಗುತ್ತಿದೆಯೆಂದು 2017ರಲ್ಲಿ ಸರ್ಕಾರದ ಮಾರುಕಟ್ಟೆ ತನಿಖಾ ಸಂಸ್ಥೆಯೇ ಹೇಳಿತು. ಕೌನ್ಸಿಲ್ ಕೊಡದ ಹಣವನ್ನು ಪಕ್ಕದ ಕೋಣೆಯ ಮುದುಕಿ ಕೊಡುತ್ತಿದ್ದಳು ಎಂದರೆ ತಪ್ಪಾಗದು. ಅಷ್ಟಾದರೂ ಸಾಲದೆ ಹೋದದ್ದನ್ನು ಪರಿಚಾರಕಿಯ ಸಂಬಳದಲ್ಲಿ ಉಳಿಸಿಕೊಳ್ಳುತ್ತಿದ್ದರು.

ಇಂಥ ವ್ಯಾಪಾರದಲ್ಲಿ ಅಂಗಡಿ ಮುಚ್ಚಿದರೆ ಗತಿಯೇನು? 2011ರಲ್ಲಿ ಈ ಪ್ರಶ್ನೆ ಬೆದರಿಕೆಯಾಗಿಯೇ ಎದ್ದು ನಿಂತಿತು. ಏಳುನೂರಕ್ಕೂ ಹೆಚ್ಚು ನಿಲಯಗಳನ್ನು ನಡೆಸುತ್ತಿದ್ದ ಸದರ್ನ್ ಕ್ರಾಸ್ ಎಂಬ ಕಂಪೆನಿ ಕಟ್ಟಡಗಳ ಬಾಡಿಗೆಯ ಭಾರವನ್ನು ತಾಳಲಾರದೆ ಕುಸಿಯಿತು. ಅದರ ನಿಲಯಗಳಲ್ಲಿದ್ದ ಸುಮಾರು 31 ಸಾವಿರ ವೃದ್ಧರು ಬೀದಿಗೆ ಬೀಳದಂತೆ ಆ ನಿಲಯಗಳನ್ನು ಬೇರೆಯವರಿಗೆ ವಹಿಸಲಾಯಿತು. ಈ ಪೆಟ್ಟಿನಿಂದ ಪಾಠ ಕಲಿತು 2014ರ ಆರೈಕೆ ಕಾಯಿದೆಯಲ್ಲಿ ಎರಡು ಮಾತುಗಳನ್ನು ಸೇರಿಸಿದರು. ತನ್ನ ಪ್ರದೇಶದಲ್ಲಿ ಒಳ್ಳೆಯ ಆರೈಕೆ ಸಾಕಷ್ಟು ದೊರೆಯುವಂತೆ ನೋಡಿಕೊಳ್ಳುವುದು ಕೌನ್ಸಿಲಿನ ಕರ್ತವ್ಯ. ಯಾವುದೇ ಸಂಸ್ಥೆ ದಿವಾಳಿಯೆದ್ದು ಆರೈಕೆ ನಿಂತುಹೋದರೆ, ಅಲ್ಲಿದ್ದವರು ಹಣ ತೆತ್ತವರಾಗಿರಲಿ ಇಲ್ಲದಿರಲಿ, ತಾತ್ಕಾಲಿಕವಾಗಿ ಅವರನ್ನು ನೋಡಿಕೊಳ್ಳುವುದೂ ಅದರದೇ ಕರ್ತವ್ಯ. ಆದಕಾರಣ 2020ರಲ್ಲಿ ಕೌನ್ಸಿಲುಗಳು ಆರೈಕೆ ಸಂಸ್ಥೆಗಳ ನೆರವಿಗೆ ಬಂದದ್ದು ದಯೆಯಿಂದಲ್ಲ. ಅದು ಕಾಯಿದೆ ಹೊರಿಸಿದ್ದ ಋಣ. ಈ ಅಂಶವನ್ನು ಮರೆತು ಆ ನೆರವನ್ನು ಔದಾರ್ಯವೆಂದು ಬಣ್ಣಿಸಿದವರಿದ್ದಾರೆ.

ಮಹಾಮಾರಿ ಬಂದಾಗ ಎಲ್ಲರ ಕಣ್ಣೂ ಆಸ್ಪತ್ರೆಗಳ ಮೇಲೆ ನೆಟ್ಟಿತ್ತು. ಹಾಸಿಗೆಗಳನ್ನು ಬೇಗ ತೆರವು ಮಾಡಬೇಕೆಂದು ಮಾರ್ಚ್ 17ರಂದು ಆಸ್ಪತ್ರೆಗಳಿಗೆ ಸೂಚನೆ ಹೋಯಿತು. ಆ ದಿನದಿಂದ ಏಪ್ರಿಲ್ 15ರೊಳಗೆ ಸುಮಾರು 25 ಸಾವಿರ ಜನರನ್ನು ಆಸ್ಪತ್ರೆಗಳಿಂದ ಆರೈಕೆ ನಿಲಯಗಳಿಗೆ ಕಳುಹಿಸಿದರು. ಹಾಗೆ ಕಳುಹಿಸುವ ಮುನ್ನ ಎಲ್ಲರನ್ನೂ ಪರೀಕ್ಷೆಗೆ ಒಳಪಡಿಸಬೇಕೆಂಬ ನಿಯಮ ಬಂದದ್ದು ಏಪ್ರಿಲ್ ನಡುವಿನಲ್ಲಿ. ರೋಗಲಕ್ಷಣ ತೋರದವರಿಂದಲೂ ಸೋಂಕು ಹರಡಬಹುದೆಂಬ ಅಪಾಯವನ್ನು ಗಣಿಸದೆ ಕೈಗೊಂಡ ಆ ನೀತಿ ಕಾನೂನಿಗೆ ವಿರುದ್ಧವಾದುದೆಂದು 2022ರ ಏಪ್ರಿಲ್‌ನಲ್ಲಿ ಹೈಕೋರ್ಟು ತೀರ್ಪಿತ್ತಿತು. ತೀರ್ಪು ಬರುವ ವೇಳೆಗೆ ಆಗಬೇಕಾದದ್ದು ಆಗಿಹೋಗಿತ್ತು. 2020ರ ಮಾರ್ಚ್ ಮೊದಲ ವಾರದಿಂದ ಜೂನ್ 12ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಆರೈಕೆ ನಿಲಯವಾಸಿಗಳಲ್ಲಿ 19,394 ಮಂದಿ ಈ ರೋಗಕ್ಕೆ ಬಲಿಯಾದರು. ಆ ಅವಧಿಯಲ್ಲಿ ತೀರಿಕೊಂಡ ನಿಲಯವಾಸಿಗಳಲ್ಲಿ ಇದು ನೂರಕ್ಕೆ 29ರಷ್ಟು. ಎಷ್ಟೋ ಮಂದಿಗೆ ಕೊನೆಯ ಗಳಿಗೆಯಲ್ಲಿ ಮಕ್ಕಳ ಮುಖ ಕಾಣುವ ಭಾಗ್ಯವೂ ಇರಲಿಲ್ಲ. ಕಿಟಕಿಯ ಗಾಜಿನ ಆಚೆಗೆ ನಿಂತು ಕೈ ಬೀಸಿ ಹೋದವರೇ ಬಂಧುಗಳಲ್ಲಿ ಅದೃಷ್ಟವಂತರು.

ರಕ್ಷಣೆಯ ಸಾಮಗ್ರಿಗಳ ಕಥೆಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಮುಖಗವಸು, ಕೈಗವಸು, ಮೇಲುಡುಪುಗಳ ಬೆಲೆ ಒಂದೇ ಸಮನೆ ಏರಿತು. ಹಣ ಹಿಡಿದು ನಿಂತರೂ ಮಾಲು ಸಿಗುತ್ತಿರಲಿಲ್ಲ. ಪ್ರತಿಯೊಂದು ಆರೈಕೆ ಸಂಸ್ಥೆಗೂ 300 ಮುಖಗವಸುಗಳನ್ನು ಉಚಿತವಾಗಿ ಕೊಡುವುದಾಗಿ ಸರ್ಕಾರ ಮಾರ್ಚ್‌ನಲ್ಲಿ ಹೇಳಿತು. ನಲವತ್ತು ಮಂದಿ ವೃದ್ಧರಿರುವ ಒಂದು ನಿಲಯದಲ್ಲಿ ಒಬ್ಬೊಬ್ಬರ ಬಳಿಗೆ ದಿನಕ್ಕೆ ನಾಲ್ಕು ಬಾರಿ ಹೋಗುವಾಗ ಒಂದೊಂದು ಹೊಸ ಮುಖಗವಸು ಬೇಕೆಂದಿಟ್ಟುಕೊಂಡರೂ, ಮುನ್ನೂರು ಎಂಬುದು ಎರಡು ದಿನಕ್ಕೆ ಸಾಲದ ಸಂಖ್ಯೆ. 2020ರ ಮಾರ್ಚ್‌ನಿಂದ ಜುಲೈವರೆಗೆ ಸರ್ಕಾರ ಹಂಚಿದ ಸಾಮಗ್ರಿಯಿಂದ ಆಸ್ಪತ್ರೆಗಳ ಅಂದಾಜು ಅಗತ್ಯದಲ್ಲಿ ನೂರಕ್ಕೆ 80 ಪಾಲು ಪೂರೈಕೆಯಾದರೆ, ಆರೈಕೆ ಸಂಸ್ಥೆಗಳ ಅಗತ್ಯದಲ್ಲಿ ಪೂರೈಕೆಯಾದದ್ದು ನೂರಕ್ಕೆ 10 ಪಾಲು ಮಾತ್ರ. ಲೆಕ್ಕಪರಿಶೋಧನಾ ಕಚೇರಿ ಕೊಟ್ಟ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚಿನ ವ್ಯಾಖ್ಯಾನ ಬೇಕಾಗುವುದಿಲ್ಲ.

ಇಂಥ ವೇಳೆಯಲ್ಲಿ ಕೌನ್ಸಿಲುಗಳು ಮಾಡಿದ ಕೆಲಸ ಕಡಿಮೆಯದೇನಲ್ಲ. ತುರ್ತು ಸಾಮಗ್ರಿಗಳನ್ನು ಪೊಲೀಸು, ಅಗ್ನಿಶಾಮಕ ಮೊದಲಾದ ಇಲಾಖೆಗಳೊಡನೆ ಕೂಡಿ ಹಂಚಿದರು. ತಮ್ಮ ಪ್ರದೇಶದ ನಿಲಯಗಳಿಗೆ ದೂರವಾಣಿ ಮಾಡಿ, ಇಂದು ಕೆಲಸಕ್ಕೆ ಬಂದವರೆಷ್ಟು, ಮಲಗಿದವರೆಷ್ಟು, ಕೈಗವಸು ಎಷ್ಟು ದಿನಕ್ಕೆ ಸಾಕು ಎಂದು ವಿಚಾರಿಸಿಕೊಂಡ ಅಧಿಕಾರಿಗಳಿದ್ದರು. ಊರಿನ ಯಾವ ಬೀದಿಯಲ್ಲಿ ಯಾವ ನಿಲಯವಿದೆ, ಅದರ ವ್ಯವಸ್ಥಾಪಕಿ ಯಾರು, ಎಂಥ ಕಷ್ಟ ಬಂದರೆ ಬಾಯಿ ಬಿಟ್ಟು ಕೇಳದೆ ಸುಮ್ಮನಿರುವ ಸ್ವಭಾವ ಯಾರದು ಎಂಬ ತಿಳಿವಳಿಕೆ ಅವರಿಗಲ್ಲದೆ ದೂರದ ಮಂತ್ರಾಲಯಕ್ಕೆ ಇರಲು ಸಾಧ್ಯವಿರಲಿಲ್ಲ. ಈ ತಿಳಿವಳಿಕೆಯನ್ನು ಬೆಲೆ ಕಟ್ಟಿ ಕೊಳ್ಳಲಾಗುವುದಿಲ್ಲ. ಮೊದಲ ವಾರಗಳಲ್ಲಿ ಅದನ್ನು ಬಳಸಿಕೊಳ್ಳದೆ, ಎಲ್ಲವನ್ನೂ ಮೇಲಿನಿಂದಲೇ ನಡೆಸಲು ಹೊರಟದ್ದು ಕೇಂದ್ರ ಸರ್ಕಾರ ಮಾಡಿದ ದೊಡ್ಡ ತಪ್ಪು.

ಹಣದ ವಿಷಯಕ್ಕೆ ಬಂದರೆ, ಮನೆಮನೆಗೆ ಹೋಗಿ ಆರೈಕೆ ಮಾಡುವ ಸಂಸ್ಥೆಗಳ ಸಂಕಟವನ್ನು ಮೊದಲು ಹೇಳಬೇಕು. ಇಂಥ ಸಂಸ್ಥೆಗೆ ಕೌನ್ಸಿಲ್ ಸಾಮಾನ್ಯವಾಗಿ ಗಂಟೆಯ, ಕೆಲವೆಡೆ ನಿಮಿಷದ ಲೆಕ್ಕದಲ್ಲಿ ಹಣ ಕೊಡುತ್ತದೆ. ಪರಿಚಾರಕಿ ಮನೆಯೊಳಗೆ ಕಾಲಿಟ್ಟ ವೇಳೆ, ಹೊರಟ ವೇಳೆ ಎರಡನ್ನೂ ಗುರುತು ಹಾಕಿ, ನಡುವಣ ಹೊತ್ತಿಗೆ ಮಾತ್ರ ಸಂದಾಯ. ರೋಗದ ಭಯದಿಂದ ಕೆಲವು ಕುಟುಂಬಗಳು ‘ಸದ್ಯಕ್ಕೆ ಬರುವುದು ಬೇಡ’ ಎಂದುಬಿಟ್ಟವು. ಬೇರೆ ಕಡೆ, ಮುಖಗವಸು ತೊಟ್ಟು ಕಳಚುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಆದಾಯ ಇಳಿಯಿತು, ವೆಚ್ಚ ಏರಿತು. ಇದನ್ನು ಮನಗಂಡು ಹಲವು ಕೌನ್ಸಿಲುಗಳು, ನಡೆದ ಭೇಟಿಗೆ ಬದಲಾಗಿ ಮೊದಲೇ ಗೊತ್ತುಪಡಿಸಿದ್ದ ಭೇಟಿಗಳ ಲೆಕ್ಕದಲ್ಲಿಯೇ ಹಣ ಸಲ್ಲಿಸಿದವು. ಬಿಲ್ಲುಗಳನ್ನು ಕಾಯಿಸದೆ ಪಾವತಿ ಮಾಡಿದವು. ಸಂಕಟದಲ್ಲಿರುವ ಸರಬರಾಜುದಾರರಿಗೆ ಮುಂಗಡವನ್ನಾದರೂ ಕೊಟ್ಟು ಉಳಿಸಿಕೊಳ್ಳಿರೆಂದು ಕೇಂದ್ರ ಸರ್ಕಾರವೂ ಮಾರ್ಚ್ 20ರಂದು ಎಲ್ಲ ಸಾರ್ವಜನಿಕ ಸಂಸ್ಥೆಗಳಿಗೆ ಸೂಚಿಸಿತ್ತು. ನೋಡುವುದಕ್ಕೆ ಇವು ಗುಮಾಸ್ತರ ಮೇಜಿನ ಮೇಲಿನ ಸಣ್ಣ ತಿದ್ದುಪಡಿಗಳು. ಆದರೆ ತಿಂಗಳ ಕೊನೆಗೆ ಸಂಬಳ ಕೊಡಲು ಹಣವಿಲ್ಲದೆ ಕುಳಿತ ಸಣ್ಣ ಸಂಸ್ಥೆಯೊಂದಕ್ಕೆ ದೊಡ್ಡ ಘೋಷಣೆಗಿಂತ ಇಂಥ ತಿದ್ದುಪಡಿಯೇ ಬೇಕಾಗಿತ್ತು.

ಘೋಷಣೆಗಳಿಗೂ ಕೊರತೆಯಿರಲಿಲ್ಲ. ಮಾರ್ಚ್ 19ರಂದು 160 ಕೋಟಿ ಪೌಂಡುಗಳನ್ನೂ ಏಪ್ರಿಲ್ 18ರಂದು ಮತ್ತೆ ಅಷ್ಟನ್ನೇ ಕೇಂದ್ರವು ಕೌನ್ಸಿಲುಗಳಿಗೆ ಪ್ರಕಟಿಸಿತು. ಅದು ಆರೈಕೆಗೆಂದೇ ಮೀಸಲಾದ ಹಣವಲ್ಲ. ಮನೆಯಿಲ್ಲದವರಿಗೆ ಆಸರೆ, ಕಸದ ವಿಲೇವಾರಿ, ಮಕ್ಕಳ ರಕ್ಷಣೆ ಎಲ್ಲಕ್ಕೂ ಅದೇ ಗಂಟು. ಆ ವಸಂತದಲ್ಲಿ ಒಂದು ಜಗಳ ಹುಟ್ಟಿತು. ಹಣ ಕೊಟ್ಟಿದ್ದೇವೆ, ಕೌನ್ಸಿಲುಗಳು ನಿಲಯಗಳಿಗೆ ತಲಪಿಸುತ್ತಿಲ್ಲ ಎಂದು ಮಂತ್ರಿಗಳ ಕಡೆಯವರು ಅಂದರು. ಬಂದದ್ದಕ್ಕಿಂತ ಖರ್ಚೇ ಹೆಚ್ಚೆಂದು ಕೌನ್ಸಿಲುಗಳು ಅಂದವು. ನಮಗೆ ಬಂದದ್ದು ಅಲ್ಪವೆಂದು ನಿಲಯಗಳವರು ಗೋಳಿಟ್ಟರು. ಮೂವರ ಮಾತಿನಲ್ಲಿಯೂ ನಿಜವಿತ್ತು. ಕೆಲವು ಕೌನ್ಸಿಲುಗಳು ಒಂದೆರಡು ವಾರಗಳಲ್ಲಿಯೇ ದರ ಏರಿಸಿದವು. ಕೆಲವು, ಖರ್ಚಿನ ರಸೀತಿಗಳನ್ನು ತನ್ನಿ, ಆಮೇಲೆ ನೋಡೋಣ ಎಂದವು. ರೋಗಿಗಳ ನಡುವೆ ಹದಿನಾಲ್ಕು ಗಂಟೆ ದುಡಿದು ಬಂದ ವ್ಯವಸ್ಥಾಪಕಿ ರಾತ್ರಿ ಕುಳಿತು ರಸೀತಿಗಳನ್ನು ಅಂಟಿಸಬೇಕಾಗಿ ಬಂದದ್ದು ಆಡಳಿತದ ಜಾಣತನವೆನ್ನಿಸಿಕೊಳ್ಳಲಾರದು.

ಈ ಜಗಳದ ಫಲವಾಗಿ, ಮೇ ತಿಂಗಳಲ್ಲಿ ಬಂದ 60 ಕೋಟಿ ಪೌಂಡುಗಳ ಸೋಂಕು ನಿಯಂತ್ರಣ ನಿಧಿಗೆ ಕಟ್ಟುಪಾಡು ವಿಧಿಸಿದರು. ಅದರಲ್ಲಿ ನೂರಕ್ಕೆ 75 ಪಾಲನ್ನು ಹಾಸಿಗೆಗಳ ಸಂಖ್ಯೆಗೆ ಅನುಗುಣವಾಗಿ ನೇರವಾಗಿ ನಿಲಯಗಳಿಗೆ ದಾಟಿಸಬೇಕು. ಉಳಿದ 25 ಪಾಲನ್ನು ಕೌನ್ಸಿಲು ತನ್ನ ವಿವೇಚನೆಯಂತೆ ವ್ಯಯಿಸಬಹುದು. ಅಕ್ಟೋಬರಿನಲ್ಲಿ 54.6 ಕೋಟಿ ಪೌಂಡುಗಳ ಎರಡನೆಯ ಕಂತು ಬಂದಾಗ ನೇರವಾಗಿ ದಾಟಿಸುವ ಪಾಲು 80ಕ್ಕೆ ಏರಿತು. ಹಣಕ್ಕೆ ಅಂಟಿಸಿದ್ದ ಷರತ್ತುಗಳಲ್ಲಿ ಒಂದು ಬಹಳ ಮುಖ್ಯವಾದುದು: ಸೋಂಕಿನ ಕಾರಣದಿಂದ ಮನೆಯಲ್ಲಿ ಉಳಿಯಬೇಕಾದ ಕೆಲಸಗಾರರಿಗೆ ಪೂರ್ಣ ಸಂಬಳ ಕೊಡಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಆರೈಕೆ ನಿಲಯಗಳಲ್ಲಿ ಬಹುಪಾಲು ಲಾಭಕ್ಕಾಗಿ ನಡೆಯುವ ಖಾಸಗಿ ಉದ್ಯಮಗಳು. ಲಾಭ ಬಂದ ವರ್ಷಗಳಲ್ಲಿ ಅದನ್ನು ಒಡೆಯರು ಕೊಂಡುಹೋದರು. ನಷ್ಟ ಬಂದ ವರ್ಷ ಊರಿನವರ ತೆರಿಗೆಯಿಂದ ತುಂಬಿಕೊಡಬೇಕೆಂದರೆ ಇದೆಲ್ಲಿಯ ನ್ಯಾಯ? ಆಕ್ಷೇಪ ತಳ್ಳಿಹಾಕುವಂಥದಲ್ಲ. ಕಟ್ಟಡಗಳನ್ನು ಮಾರಿ, ಅವನ್ನೇ ದುಬಾರಿ ಬಾಡಿಗೆಗೆ ಹಿಡಿದು, ಸಾಲದ ಮೇಲೆ ಸಾಲ ಹೇರಿಕೊಂಡು ನಡೆದ ದೊಡ್ಡ ಕಂಪೆನಿಗಳ ವ್ಯವಹಾರವನ್ನು ಕಂಡವರು ಹೀಗೆ ಕೇಳದಿದ್ದರೆ ಆಶ್ಚರ್ಯ. ಆದರೆ ನಿಲಯವೆಂಬುದು ಬಟ್ಟೆಯ ಗಿರಣಿಯಂಥದಲ್ಲ. ಗಿರಣಿ ಮುಚ್ಚಿದರೆ ಯಂತ್ರಗಳು ತುಕ್ಕು ಹಿಡಿಯುತ್ತವೆ. ನಿಲಯ ಮುಚ್ಚಿದರೆ ತೊಂಬತ್ತು ವರ್ಷದ ಮುದುಕಿಯೊಬ್ಬಳು ತನ್ನ ಹಾಸಿಗೆ, ತನ್ನ ಕಿಟಕಿ, ತನ್ನ ಗುರುತಿನ ಮುಖಗಳು ಎಲ್ಲವನ್ನೂ ಒಂದೇ ದಿನದಲ್ಲಿ ಕಳೆದುಕೊಳ್ಳುತ್ತಾಳೆ. ಸಾಂಕ್ರಾಮಿಕದ ನಡುವೆ ಅವಳನ್ನು ಕೊಂಡೊಯ್ಯುವುದಾದರೂ ಎಲ್ಲಿಗೆ? ಒಡೆಯನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಳ್ಳಲಾಗದು. ಹಣ ಕೊಡಲೇಬೇಕಾಗಿತ್ತು. ಯಾವ ಷರತ್ತಿನ ಮೇಲೆ ಕೊಡಬೇಕು ಎಂಬಲ್ಲಿ ಮಾತ್ರ ವಿವೇಚನೆಗೆ ಅವಕಾಶವಿತ್ತು. ತೀರಿಕೊಂಡವರ ಹಾಸಿಗೆಗಳು ಖಾಲಿ ಉಳಿದಾಗ ಆ ಖಾಲಿ ಹಾಸಿಗೆಯ ಬಾಬ್ತು ಒಡೆಯನಿಗೆ ನಷ್ಟ ತುಂಬಿಕೊಡುವುದಕ್ಕೂ, ಅದೇ ಹಣ ಪರಿಚಾರಕಿಯ ಸಂಬಳಕ್ಕೆ ಸಲ್ಲಬೇಕೆಂದು ಕಟ್ಟು ಮಾಡುವುದಕ್ಕೂ ಬಹಳ ವ್ಯತ್ಯಾಸವುಂಟು.

ಪರಿಚಾರಕಿಯ ಸಂಬಳದ ಪ್ರಸ್ತಾಪ ಇಲ್ಲಿ ಕರುಣೆಯಿಂದ ಬಂದುದಲ್ಲ. ರೋಗ ನಿಲಯದೊಳಕ್ಕೆ ಹೊಕ್ಕದ್ದು ಆಸ್ಪತ್ರೆಯಿಂದ ಬಂದವರ ಮೂಲಕ ಮಾತ್ರವೇ ಅಲ್ಲ. ಬಂಧುಗಳ ಭೇಟಿ ನಿಂತ ಮೇಲೆ ದಿನವೂ ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ಓಡಾಡುತ್ತಿದ್ದವರು ಕೆಲಸಗಾರರು. ಅವರ ಸ್ಥಿತಿಯನ್ನು ಲೆಕ್ಕ ಹಾಕಿ ನೋಡಬಹುದು. 2020ರ ಏಪ್ರಿಲ್‌ನಿಂದ ಇಪ್ಪತ್ತೈದು ವಯಸ್ಸು ದಾಟಿದವರಿಗೆ ಕಾನೂನು ವಿಧಿಸಿದ ಕನಿಷ್ಠ ಕೂಲಿ ಗಂಟೆಗೆ 8.72 ಪೌಂಡು. ವಾರಕ್ಕೆ 37 ಗಂಟೆ ದುಡಿದರೆ ಸುಮಾರು 322 ಪೌಂಡು ಕೈಗೆ ಬರುತ್ತದೆ, ತೆರಿಗೆ ಕಳೆಯುವ ಮುನ್ನ. ಕಾಯಿಲೆ ಬಿದ್ದರೆ ಕಾನೂನಿನ ಪ್ರಕಾರ ಸಿಗುತ್ತಿದ್ದ ರಜೆಯ ಭತ್ಯ ವಾರಕ್ಕೆ 95 ಪೌಂಡು 85 ಪೆನ್ಸ್. ಮೂರರಲ್ಲಿ ಒಂದು ಪಾಲೂ ಇಲ್ಲ. ವಾರದ ಗಳಿಕೆ 120 ಪೌಂಡಿಗೆ ಕಡಿಮೆಯಿದ್ದವರಿಗೆ ಅದೂ ಇಲ್ಲ. ಆರೈಕೆಯ ಕೆಲಸದಲ್ಲಿದ್ದವರಲ್ಲಿ ನಾಲ್ಕನೆಯ ಒಂದು ಪಾಲು ಜನರಿಗೆ ವಾರಕ್ಕೆ ಇಷ್ಟು ಗಂಟೆಯ ಕೆಲಸವೆಂಬ ಭರವಸೆಯೇ ಇರಲಿಲ್ಲ; ಕರೆದ ದಿನ ಕೂಲಿ, ಕರೆಯದ ದಿನ ಖಾಲಿ. ಮನೆಬಾಡಿಗೆ ಮಾತ್ರ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ತಪ್ಪದೆ ಬರುತ್ತದೆ. ಇಂಥವಳೊಬ್ಬಳಿಗೆ ಬೆಳಿಗ್ಗೆ ಎದ್ದಾಗ ಗಂಟಲು ಕೆರೆದರೆ, ಸ್ವಲ್ಪ ಮೈ ಬಿಸಿಯಾದರೆ, ಅವಳು ಏನು ಮಾಡಬೇಕು? ಮನೆಯಲ್ಲಿ ಉಳಿದರೆ ಮಕ್ಕಳ ಊಟಕ್ಕೆ ಸಂಚಕಾರ. ಕೆಲಸಕ್ಕೆ ಹೋದರೆ ನಲವತ್ತು ಮಂದಿ ವೃದ್ಧರ ಪ್ರಾಣಕ್ಕೆ ಸಂಚಕಾರ. ಇಷ್ಟು ಕಠಿಣವಾದ ಧರ್ಮಸಂಕಟವನ್ನು ಸಮಾಜವು ತನ್ನಲ್ಲಿ ಅತಿ ಕಡಿಮೆ ಸಂಬಳ ಪಡೆಯುವವರ ಹೆಗಲಿಗೆ ಹೊರಿಸಿತ್ತು.

ಇದು ಊಹೆಯಲ್ಲವೆಂಬುದಕ್ಕೆ ಆಧಾರವುಂಟು. ಆರೈಕೆ ನಿಲಯಗಳ ಬಗೆಗೆ ನಡೆಸಿದ ಒಂದು ವಿಸ್ತಾರವಾದ ಸಮೀಕ್ಷೆಯ ಫಲಿತಾಂಶವನ್ನು ಆ ದೇಶದ ರಾಷ್ಟ್ರೀಯ ಅಂಕಿಸಂಖ್ಯೆಗಳ ಕಚೇರಿ 2020ರ ಜುಲೈ ಆರಂಭದಲ್ಲಿ ಪ್ರಕಟಿಸಿತು. ಕಾಯಿಲೆಯ ರಜೆಗೆ ಸಂಬಳ ಕೊಡುತ್ತಿದ್ದ ನಿಲಯಗಳಲ್ಲಿ ನಿವಾಸಿಗಳಿಗೆ ಸೋಂಕು ತಗಲಿದ ಪ್ರಮಾಣ ಕಡಿಮೆಯಾಗಿತ್ತು. ನಿತ್ಯವೂ ಹೊರಗಿನ ಏಜೆನ್ಸಿಗಳಿಂದ ಬದಲಿ ಕೆಲಸಗಾರರನ್ನು ಕರೆಸಿಕೊಳ್ಳುತ್ತಿದ್ದ ನಿಲಯಗಳಲ್ಲಿ ಅದು ಹೆಚ್ಚಾಗಿತ್ತು. ಒಂದು ನಿಲಯದಲ್ಲಿ ಹಗಲು, ಇನ್ನೊಂದರಲ್ಲಿ ರಾತ್ರಿ ದುಡಿಯುವುದು ಅಂಥವರ ಆಸೆಬುರುಕತನವಲ್ಲ. ಒಂದರ ಸಂಬಳ ಸಾಲದು ಎಂಬುದೇ ಕಾರಣ. ಹಾಗಿರುವಲ್ಲಿ ಕೌನ್ಸಿಲು ದರವನ್ನು ಬಿಗಿಹಿಡಿದು ವರ್ಷಕ್ಕಿಷ್ಟು ಉಳಿಸಿದೆವೆಂದು ಹಿಗ್ಗಿದ್ದ ಕಾಲದ ಉಳಿತಾಯವೆಲ್ಲ ಎಲ್ಲಿ ಹೋಯಿತು ಎಂದು ಕೇಳಬೇಕಾಗುತ್ತದೆ.

ಪೂರ್ಣ ಸಂಬಳದ ಷರತ್ತು ಮಾರ್ಚ್‌ನಲ್ಲಿಯೇ ಬಂದಿದ್ದರೆ! ಮೊದಲ ಅಲೆಯ ಅತ್ಯಂತ ಭೀಕರವಾದ ವಾರಗಳು ಏಪ್ರಿಲ್‌ನಲ್ಲಿ ಕಳೆದುಹೋದವು. ನಿಧಿ ಪ್ರಕಟವಾದದ್ದು ಮೇ ನಡುವಿನಲ್ಲಿ. ಈ ವಿಳಂಬಕ್ಕೆ ಮೊದಲ ಹೊಣೆ ಕೇಂದ್ರದ್ದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಏಪ್ರಿಲ್‌ನಲ್ಲಿಯೇ ಕೈಯಲ್ಲಿ ಸ್ವಲ್ಪ ಹಣವಿದ್ದ ಕೌನ್ಸಿಲುಗಳು, ‘ನಮ್ಮ ಹಣ ಬೇಕಾದರೆ ಕಾಯಿಲೆ ಬಿದ್ದ ಕೆಲಸಗಾರರಿಗೆ ಪೂರ್ಣ ಸಂಬಳ ಕೊಡಿ’ ಎಂದು ತಾವಾಗಿಯೇ ಒಪ್ಪಂದದಲ್ಲಿ ಬರೆಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಕೊಳ್ಳುವವರು ತಾವೇ ಆಗಿದ್ದರು. ದರವನ್ನು ಕುರಿತು ಮೂವತ್ತು ವರ್ಷ ಚೌಕಾಸಿ ಮಾಡಿದವರಿಗೆ ಷರತ್ತು ಹಾಕುವ ವಿದ್ಯೆ ಗೊತ್ತಿರಲಿಲ್ಲವೆಂದರೆ ನಂಬುವುದು ಕಷ್ಟ. ಎಲ್ಲ ಕೌನ್ಸಿಲುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಾದೀತು. ಆ ಮಾರ್ಚ್‌ನಲ್ಲಿ ತಂದ ತುರ್ತು ಕಾನೂನು, ಆರೈಕೆ ಕಾಯಿದೆಯ ಕೆಲವು ಕರ್ತವ್ಯಗಳನ್ನು ಸಡಿಲಿಸಿಕೊಳ್ಳಲು ಕೌನ್ಸಿಲುಗಳಿಗೆ ಅವಕಾಶ ಕೊಟ್ಟಿತ್ತು. ನೂರೈವತ್ತರಲ್ಲಿ ಅದನ್ನು ಬಳಸಿಕೊಂಡವು ಎಂಟೇ. ಕೈಬಿಡಲು ಅನುಮತಿಯಿದ್ದಾಗಲೂ ಉಳಿದವು ತಮ್ಮ ಕರ್ತವ್ಯವನ್ನು ಕೈಬಿಡಲಿಲ್ಲವೆಂಬುದನ್ನು ಅವುಗಳ ಲೆಕ್ಕಕ್ಕೆ ಜಮಾ ಮಾಡಲೇಬೇಕು.

ಏಪ್ರಿಲ್ ನಡುವಿನಲ್ಲಿ, ಸಾವುಗಳು ಏರುತ್ತಿದ್ದ ಹೊತ್ತಿನಲ್ಲಿ, ಆರೈಕೆ ಕೆಲಸಗಾರರಿಗೆ ಮನ್ನಣೆಯ ಗುರುತಾಗಿ ಹಸಿರು ಬಣ್ಣದ ಒಂದು ಬಿಲ್ಲೆಯನ್ನು ಆರೋಗ್ಯ ಮಂತ್ರಿಗಳು ಮುಂದಿಟ್ಟರು. ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಗಿಂತ ಮುಖಕ್ಕೆ ಕಟ್ಟುವ ಬಟ್ಟೆ ಮೊದಲು ಬೇಕೆಂಬ ಟೀಕೆ ಆಗಲೇ ಕೇಳಿಬಂದಿತು. ಮನ್ನಣೆಯ ಮಾತು ಮುಗಿದ ಮೇಲೆ ಕೆಲಸಗಾರರು ತಮ್ಮ ದಾರಿ ನೋಡಿಕೊಂಡರು. 2021-22ರಲ್ಲಿ ಇಂಗ್ಲೆಂಡಿನ ಆರೈಕೆ ಕ್ಷೇತ್ರದಲ್ಲಿ 1,65,000 ಹುದ್ದೆಗಳು ತುಂಬದೆ ಉಳಿದವು. ದಾಸ್ತಾನು ಮಳಿಗೆಗಳೂ ದೊಡ್ಡ ಅಂಗಡಿಗಳೂ ಅದಕ್ಕಿಂತ ಹೆಚ್ಚಿನ ಕೂಲಿ ಕೊಡುತ್ತಿದ್ದವು. ಆ ತೆರವನ್ನು ತುಂಬಲು 2022ರ ಫೆಬ್ರವರಿಯಿಂದ ಪರದೇಶಗಳ ಪರಿಚಾರಕರಿಗೆ ಬಾಗಿಲು ತೆರೆದರು. ಭಾರತದಿಂದಲೂ ಸಾವಿರಾರು ಜನ ಹೋದರು. 2025ರ ಜುಲೈನಲ್ಲಿ ಹೊಸಬರಿಗೆ ಆ ಬಾಗಿಲನ್ನು ಮುಚ್ಚಲಾಯಿತು.

ಸೋಂಕು ನಿಯಂತ್ರಣಕ್ಕೆಂದು ಕೌನ್ಸಿಲುಗಳ ಮೂಲಕ ಬರುತ್ತಿದ್ದ ವಿಶೇಷ ಹಣ 2022ರ ಮಾರ್ಚ್ 31ರಂದು ನಿಂತಿತು. ಪೂರ್ಣ ಸಂಬಳದ ಷರತ್ತು ಆ ಹಣದೊಡನೆ ಬಂದಿತ್ತು, ಆ ಹಣದೊಡನೆಯೇ ಹೊರಟುಹೋಯಿತು. ಏಪ್ರಿಲ್ 1ರ ಬೆಳಿಗ್ಗೆ, ಒಡೆಯರು ತಾವಾಗಿ ಹೆಚ್ಚು ಕೊಡಲೊಪ್ಪದ ನಿಲಯಗಳಲ್ಲಿ, ಜ್ವರ ಬಂದ ಪರಿಚಾರಕಿಯ ಮುಂದೆ ಮತ್ತೆ ಅದೇ ಹಳೆಯ ಲೆಕ್ಕವಿತ್ತು.